ನಮ್ಮ ಅಂಗವಿಕಲ ಬಾಲಿಕೆಯರೂ ಸರ್ಕಾರದ ಸಹಾಯಧನವೂ

ಈ ಸ್ಮರಣ ಸಂಚಿಕೆಗಾಗಿ ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಮುಖ್ಯೋಪಾಧ್ಯಾಯಿನಿಯಾದವರು ಸ್ತ್ರೀವಿದ್ಯಾಭ್ಯಾಸದ ಮಹತ್ವವನ್ನೋ ಶಿಸ್ತಿನ ಆವಶ್ಯಕತೆಯನ್ನೋ ಕುರಿತು ಬರೆಯುವರೆಂದು ಅವರು ಎಣಿಸಿದ್ದಿರಬೇಕು. ಆ ವಿಷಯಗಳ ಮೇಲೆ ಇಂಥ ಸಂಚಿಕೆಗಳಲ್ಲಿ ಬೇಕಾದಷ್ಟು ಬರೆಯಲ್ಪಟ್ಟಿದೆ, ನಾವೂ ಬರೆದದ್ದುಂಟು. ಈ ಸಲ ಹಣದ ವಿಷಯವಾಗಿ ಬರೆಯಲು ವಾಚಕರ ಅಪ್ಪಣೆಯನ್ನು ಬೇಡುತ್ತೇವೆ. ಅಂಗವಿಕಲರಾದ ನಮ್ಮ ಬಾಲಿಕೆಯರಿಗೆ ಸರ್ಕಾರವು ಕೊಡಲು ಒಪ್ಪಿರುವ, ಆದರೆ ಅವರ ಕೈಗೆ ಬಂದು ಸೇರದೆ ಉಳಿಯುವ ಹಣವೇ ನಮ್ಮ ವಿಷಯ. ಇದು ಬಹು ಒಣಗಿದ ವಿಷಯವೆಂದು ಕೆಲವರಿಗೆ ತೋರಬಹುದು. ನಮಗೂ ಬಹುಕಾಲ ಹಾಗೆಯೇ ತೋರುತ್ತಿತ್ತು. ಹಾಗೆ ತೋರಿದ್ದರಿಂದ ಆದ ನಷ್ಟವನ್ನು ಮರೆಮಾಡದೆ ಹೇಳುವೆವು.

ಕೆಲವು ವರ್ಷಗಳ ಕೆಳಗೆ ನಮ್ಮ ಎಂಟನೆಯ ತರಗತಿಗೆ ಒಬ್ಬ ಬಾಲಿಕೆ ಸೇರಿದಳು. ಹುಟ್ಟಿದಂದಿನಿಂದಲೇ ಅವಳ ಎಡಗಾಲು ಸೊರಗಿ ಗಿಡ್ಡವಾಗಿತ್ತು. ಮಹಡಿಯ ಮೆಟ್ಟಲುಗಳನ್ನು ಗೋಡೆ ಹಿಡಿದು ಒಂದೊಂದಾಗಿ ಏರುತ್ತಿದ್ದಳು. ತಾಯಿ ಬೀಡಿ ಕಟ್ಟಿ ಜೀವಿಸುವ ವಿಧವೆ. ಇಂಥ ಮಕ್ಕಳಿಗೆ ಸರ್ಕಾರದ ಶಿಷ್ಯವೇತನವುಂಟೆಂದು ನಾವು ಬಲ್ಲವರಾದ್ದರಿಂದ ಆಕೆಯನ್ನು ಕರೆಯಿಸಿ, ಜಿಲ್ಲಾ ಆಸ್ಪತ್ರೆಯಿಂದ ಪ್ರಮಾಣಪತ್ರವನ್ನು ಪಡೆದು ತರುವಂತೆ ಹೇಳಿದೆವು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಬೇಡ ಅಮ್ಮನವರೇ. ಕಣ್ಣಿನಿಂದ ನೋಡಿದವರು ನಾಲ್ಕು ದಿನಕ್ಕೆ ಮರೆಯುತ್ತಾರೆ. ಕಾಗದದ ಮೇಲೆ ಬರೆಯಿಸಿಬಿಟ್ಟರೆ ಅಳಿಯುವದಿಲ್ಲ. ನಾಳೆ ಇವಳನ್ನು ಯಾರು ಮಾಡಿಕೊಂಡಾರು?" ಎಂದಳು.

ಆ ಮಾತಿಗೆ ನಮ್ಮ ಬಾಯಲ್ಲಿ ಉತ್ತರ ಬರಲಿಲ್ಲ. ಶಾಲೆಯ ಬಡಮಕ್ಕಳ ನಿಧಿಯಿಂದ ಹುಡುಗಿಗೆ ಪುಸ್ತಕಗಳನ್ನೂ ಸಮವಸ್ತ್ರವನ್ನೂ ಕೊಡಿಸಿ, ಒಂದು ಸತ್ಕಾರ್ಯವನ್ನು ಮಾಡಿದೆವೆಂಬ ಸಮಾಧಾನದಿಂದ ಇದ್ದೆವು. ಆ ಸಮಾಧಾನವೇ ತಪ್ಪಾಗಿತ್ತೆಂದು ಈಗ ತಿಳಿಯುತ್ತದೆ. ನಿಧಿಯ ಹಣದಲ್ಲಿ ದೋಷವೇನೂ ಇರಲಿಲ್ಲ. ದಾನಿಗಳು ಸಂತೋಷದಿಂದ ಕೊಟ್ಟ ಹಣವೇ ಅದು. ಆದರೆ ಪ್ರತಿ ಸಲವೂ ಆ ಹುಡುಗಿ ನಮ್ಮ ಕೋಣೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು ವಂದನೆ ಹೇಳಬೇಕಾಗಿತ್ತು, ಮತ್ತು ಮುಂದಿನ ವರ್ಷ ನಿಧಿಯಲ್ಲಿ ಹಣವಿಲ್ಲವೆಂದು ನಾವು ಹೇಳಿದರೆ ಅವಳು ಯಾರನ್ನೂ ಕೇಳುವ ಹಾಗಿರಲಿಲ್ಲ. ಕಾನೂನಿನಿಂದ ಬರತಕ್ಕ ಹಣಕ್ಕೆ ಈ ಎರಡು ಕೊರತೆಗಳೂ ಇಲ್ಲ. ಅಲ್ಲಿ ತಲೆ ತಗ್ಗಿಸಬೇಕಾದದ್ದಿಲ್ಲ. ಬಾರದಿದ್ದರೆ ಯಾಕೆ ಬರಲಿಲ್ಲವೆಂದು ಕೇಳಬಹುದು.

ಒಂಬತ್ತನೆಯ ತರಗತಿಯಲ್ಲಿ ತಾಯಿಯ ಮನಸ್ಸು ತಿರುಗಿತು. ತಿರುಗಿಸಿದವರು ನಾವಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರು ನೇಮಿಸಲ್ಪಟ್ಟಿರುವರು. ಇವರು ಸ್ವತಃ ಅಂಗವಿಕಲರಾಗಿರುವದು ಈ ಏರ್ಪಾಡಿನ ವಿಶೇಷ. ಆ ಊರಿನ ಕಾರ್ಯಕರ್ತನು ಊರುಗೋಲನ್ನು ಊರಿಕೊಂಡು ಆಕೆಯ ಮನೆಗೆ ಹೋಗಿ, ಜಗಲಿಯಲ್ಲಿ ಕುಳಿತು ತನ್ನ ಗುರುತಿನ ಚೀಟಿಯನ್ನೇ ತೆಗೆದು ತೋರಿಸಿದನಂತೆ. ತನಗೆ ಮದುವೆಯೂ ಆಗಿದೆ, ಎರಡು ಮಕ್ಕಳೂ ಇದ್ದಾರೆ ಎಂದನಂತೆ. ನಾವು ಒಂದು ವರ್ಷ ಹೇಳಿ ಆಗದ್ದು ಅರ್ಧ ಗಂಟೆಯಲ್ಲಿ ಆಯಿತು. ಪ್ರಮಾಣಪತ್ರ ಬಂದಿತು, ಶಿಷ್ಯವೇತನಕ್ಕೆ ಅರ್ಜಿಯೂ ಹೋಯಿತು.

ಇನ್ನು ನಮ್ಮ ತಪ್ಪು. ಈ ಅರ್ಜಿಗಳನ್ನು ರಾಷ್ಟ್ರೀಯ ವಿದ್ಯಾರ್ಥಿವೇತನದ ಜಾಲತಾಣದಲ್ಲಿ ಹಾಕಿದ ತರುವಾಯ, ಶಾಲೆಯವರು ಅದನ್ನು ತೆರೆದು ನೋಡಿ, ಈ ಬಾಲಿಕೆ ನಮ್ಮಲ್ಲಿ ಓದುತ್ತಿರುವದು ನಿಜವೆಂದು ಗೊತ್ತಾದ ತಾರೀಖಿನೊಳಗೆ ದೃಢಪಡಿಸತಕ್ಕದ್ದು. ಶಾಲೆಯು ದೃಢಪಡಿಸದ ಅರ್ಜಿ ಮುಂದಕ್ಕೆ ಹೋಗದು. ಆ ದಿನಗಳಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಗದ್ದಲವಿತ್ತು, ಶಾಲಾ ತನಿಖೆಯಿತ್ತು. ಗುಮಾಸ್ತರು ಉಪಾಧ್ಯಾಯಿನಿಯೊಬ್ಬರು ಮಾಡಿರುವರೆಂದುಕೊಂಡರು; ಅವರು ಗುಮಾಸ್ತರು ಮಾಡಿರುವರೆಂದುಕೊಂಡರು; ನಾವು ಕೇಳಲಿಲ್ಲ. ತಾರೀಖು ಕಳೆಯಿತು. ಎರಡು ಬಸ್ಸುಗಳನ್ನು ಬದಲಾಯಿಸಿ, ಮೂರು ದಿನದ ಬೀಡಿಯ ಕೂಲಿಯನ್ನು ಕಳೆದುಕೊಂಡು ಆ ತಾಯಿ ತಂದ ಕಾಗದವು ಆ ವರ್ಷ ನಮ್ಮ ಶಾಲೆಯ ಹೊಸ್ತಿಲಲ್ಲಿಯೇ ನಿಂತುಹೋಯಿತು. ನಮ್ಮಿಂದ ಹೀಗಾಯಿತೆಂದು ಹೇಳಿದಾಗ ಆಕೆ ಕೋಪಿಸಿಕೊಳ್ಳಲಿಲ್ಲ. "ಆಗಲಿ ಅಮ್ಮನವರೇ, ನಮ್ಮ ಹಣೆಯಲ್ಲಿ ಇಲ್ಲ" ಎಂದಳು. ಕೋಪಿಸಿಕೊಂಡಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ. ಯಾಕಂದರೆ ಅದು ಹಣೆಯ ಬರಹವಲ್ಲ. ನಮ್ಮ ಕಚೇರಿಯ ಅಜಾಗರೂಕತೆ.

ಯೋಹಾನನ ಸುವಾರ್ತೆಯಲ್ಲಿ ಬೇತೆಸ್ದ ಕೊಳದ ವೃತ್ತಾಂತವನ್ನು ನಮ್ಮ ಕ್ರೈಸ್ತ ಬಾಲಿಕೆಯರು ಚಿಕ್ಕಂದಿನಲ್ಲಿಯೇ ಕಲಿತಿರುವರು. 38 ವರ್ಷಗಳಿಂದ ರೋಗದಲ್ಲಿದ್ದ ಆ ಮನುಷ್ಯನು ಕೊಳದಿಂದ ದೂರದಲ್ಲಿರಲಿಲ್ಲ. ಅದರ ಮಗ್ಗುಲಲ್ಲಿಯೇ ಮಲಗಿದ್ದನು. ನೀರು ಕಲಕಿದಾಗ ತನ್ನನ್ನು ಇಳಿಸುವವರು ಯಾರೂ ಇಲ್ಲವೆಂಬದೇ ಅವನ ದೂರಾಗಿತ್ತು. ಸರ್ಕಾರದ ಸಹಾಯಧನದ ಸಂಗತಿಯೂ ಬಹುಮಟ್ಟಿಗೆ ಹೀಗೆಯೇ. 2018ನೆಯ ಇಸವಿಯ ಜುಲೈಯಿಂದ ಡಿಸೆಂಬರಿನ ವರೆಗೆ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ದೇಶದಲ್ಲೆಲ್ಲಾ ವಿಚಾರಿಸಿದಾಗ, ಅಂಗವಿಕಲರಲ್ಲಿ ಪ್ರಮಾಣಪತ್ರವಿದ್ದವರು ನೂರಕ್ಕೆ 28.8 ಮಂದಿ, ಸರ್ಕಾರದಿಂದ ಯಾವದಾದರೊಂದು ಸಹಾಯವನ್ನು ಪಡೆದವರು ನೂರಕ್ಕೆ 21.8 ಮಂದಿ ಎಂದು ಕಂಡುಬಂದಿತು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವಿಕಲರು 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಮೇಲೆ. ಕೊಳದ ದಡದಲ್ಲಿ ಎಷ್ಟು ಮಂದಿ ಉಳಿದಿರುವರೆಂಬದನ್ನು ವಾಚಕರೇ ಲೆಕ್ಕಹಾಕಿಕೊಳ್ಳಬಹುದು.

ನಮ್ಮಂಥ ಮಿಷನ್ ಶಾಲೆಗಳವರಿಗೆ ಈ ವಿಷಯದಲ್ಲಿ ಒಂದು ವಿಶೇಷವಾದ ತೊಡಕುಂಟು. ನಾವು ಧರ್ಮಕಾರ್ಯದಲ್ಲಿ ಬೆಳೆದವರು. ಅಂಗವಿಕಲರನ್ನು ಸರ್ಕಾರಗಳು ನೆನೆಯದಿದ್ದ ಕಾಲದಲ್ಲಿ ಮಿಷನರಿ ಸ್ತ್ರೀಯರು ನೆನೆದರು. 1887ರಲ್ಲಿ ಆ್ಯನಿ ಶಾರ್ಪ್ ದೊರೆಸಾನಿಯವರು ಅಮೃತಸರದಲ್ಲಿ ಕುರುಡರ ಶಾಲೆಯನ್ನು ತೆರೆದರು. 1890ರಲ್ಲಿ ಆಸ್ಕ್‌ವಿತ್ ದೊರೆಸಾನಿಯವರು ಪಾಳಯಂಕೋಟೆಯಲ್ಲಿ ತೆರೆದರು. ಈ ಚರಿತ್ರೆಯು ನಮಗೆ ಅಭಿಮಾನಾಸ್ಪದವಾದದ್ದೇ ಸರಿ. ಆದರೆ ಇದರಿಂದ ನಮ್ಮಲ್ಲಿ ಒಂದು ಅಭ್ಯಾಸವು ಬೇರೂರಿದೆ: ಕಷ್ಟದಲ್ಲಿರುವ ಮಗುವನ್ನು ಕಂಡಕೂಡಲೇ ಕೈ ಚೀಲಕ್ಕೆ ಹೋಗುತ್ತದೆಯೇ ಹೊರತು ಅರ್ಜಿಯ ನಮೂನೆಗೆ ಹೋಗುವದಿಲ್ಲ. ಕಾಲವಾದರೋ ಬದಲಾಗಿದೆ. 1950ರಲ್ಲಿ ಜಾರಿಗೆ ಬಂದ ರಾಜ್ಯಾಂಗದ 41ನೆಯ ಅನುಚ್ಛೇದವು ಮುಪ್ಪು, ಬೇನೆ, ಅಂಗವಿಕಲತೆಗಳಲ್ಲಿ ಸಾರ್ವಜನಿಕ ಸಹಾಯವನ್ನು ಏರ್ಪಡಿಸುವದು ರಾಜ್ಯದ ಕೆಲಸವೆಂದು ಹೇಳಿತು. ಅದು ನ್ಯಾಯಾಲಯಕ್ಕೆ ಹೋಗಿ ಕೇಳುವಂಥ ಹಕ್ಕಾಗಿರಲಿಲ್ಲ. ದಾರಿಯನ್ನು ತೋರಿಸುವ ತತ್ವವಾಗಿತ್ತು. 1995ರಲ್ಲಿ ಒಂದು ಕಾನೂನು ಬಂದಿತು. 2007ರಲ್ಲಿ ನಮ್ಮ ದೇಶವು ಅಂಗವಿಕಲರ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಸ್ಥಿರೀಕರಿಸಿತು. ಅದನ್ನನುಸರಿಸಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಹುಟ್ಟಿ, 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಿತು. ಹೆಸರಿನಲ್ಲಿಯೇ ಹಕ್ಕೆಂಬ ಶಬ್ದವಿರುವದನ್ನು ಗಮನಿಸಬೇಕು.

ಹೊಸ ಕಾನೂನಿನ ಒಂದು ಸಂಗತಿಯನ್ನು ಉಪಾಧ್ಯಾಯಿನಿಯರು ಮುಖ್ಯವಾಗಿ ತಿಳಿಯತಕ್ಕದ್ದು. ಹಳೆಯದರಲ್ಲಿ 7 ವಿಧದ ನ್ಯೂನತೆಗಳು ಮಾತ್ರ ಎಣಿಸಲ್ಪಟ್ಟಿದ್ದವು; ಹೊಸದರಲ್ಲಿ 21. ಕಣ್ಣು, ಕಿವಿ, ಕೈಕಾಲುಗಳಲ್ಲದೆ ಥಲಸೀಮಿಯ, ಹಿಮೋಫಿಲಿಯ ಎಂಬ ರಕ್ತದ ಬೇನೆಗಳೂ, ಆಟಿಸಂ ಎಂಬದೂ, ಆಸಿಡ್ ದಾಳಿಗೆ ತುತ್ತಾದವರೂ ಅದರಲ್ಲಿ ಸೇರಿರುವರು. ಬುದ್ಧಿಯು ಚೆನ್ನಾಗಿದ್ದಾಗ್ಯೂ ಅಕ್ಷರಗಳನ್ನು ಓದಿ ಬರೆಯುವದರಲ್ಲಿಯೋ ಲೆಕ್ಕದಲ್ಲಿಯೋ ತೊಡಕನ್ನು ಪಡುವ ಮಕ್ಕಳ ಸ್ಥಿತಿಯೂ ಅದರಲ್ಲಿ ಒಂದು. ಇದನ್ನು ಓದಿದಾಗ ನಮ್ಮ ಮನಸ್ಸಿಗೆ ಬಂದವರು, ನಮ್ಮ ಮೊದಲ ವರ್ಷಗಳಲ್ಲಿ ನಾವು ದಡ್ಡಿಯರೆಂದು ಹಿಂದಿನ ಬೆಂಚಿಗೆ ಕಳುಹಿಸಿದ ಕೆಲವು ಬಾಲಿಕೆಯರು. ಅವರಲ್ಲಿ ಯಾರಾದರೂ ಈ ಸಂಚಿಕೆಯನ್ನು ಓದುತ್ತಿದ್ದರೆ ನಮ್ಮನ್ನು ಕ್ಷಮಿಸಬೇಕಾಗಿ ಬೇಡುತ್ತೇವೆ.

ಎಲ್ಲಕ್ಕೂ ಮೊದಲನೆಯದು ಪ್ರಮಾಣಪತ್ರ. ಅದಿಲ್ಲದೆ ಮಿಕ್ಕದ್ದು ಯಾವದೂ ಇಲ್ಲ. 2021ರ ಜೂನ್ ತಿಂಗಳಿಂದ ಈ ಪ್ರಮಾಣಪತ್ರಗಳು ಸ್ವಾವಲಂಬನ್ ಎಂಬ ಜಾಲತಾಣದ ಮೂಲಕವೇ ಕೊಡಲ್ಪಡತಕ್ಕವೆಂದು ಏರ್ಪಾಡಾಗಿದೆ. ಅಲ್ಲಿ ಅರ್ಜಿ ಹಾಕಿ, ಆಸ್ಪತ್ರೆಯವರು ಕರೆದ ದಿನ ಹೋಗಿ ವೈದ್ಯರಿಗೆ ತೋರಿಸಿದರೆ, ನ್ಯೂನತೆಯು ನೂರಕ್ಕೆ ಎಷ್ಟೆಂದು ಅವರು ಗೊತ್ತುಪಡಿಸುವರು. ಪ್ರಮಾಣಪತ್ರದೊಂದಿಗೆ ಯು.ಡಿ.ಐ.ಡಿ. ಎಂಬ ಗುರುತಿನ ಚೀಟಿಯೂ ಬರುತ್ತದೆ. ಇದು ಇಡೀ ದೇಶದಲ್ಲಿ ಸಲ್ಲುವದು; ಮಗಳನ್ನು ಬೊಂಬಾಯಿಗೆ ಕೊಟ್ಟರೂ ಅಲ್ಲಿ ಮತ್ತೊಂದನ್ನು ಮಾಡಿಸಬೇಕಾದದ್ದಿಲ್ಲ.

ನೂರಕ್ಕೆ 40 ಎಂಬ ಅಂಕಿಯನ್ನು ತಾಯಿತಂದೆಗಳು ನೆನಪಿಟ್ಟುಕೊಳ್ಳಬೇಕು. ಶಿಷ್ಯವೇತನ, ಮಾಸಾಶನ, ಉದ್ಯೋಗದಲ್ಲಿ ಮೀಸಲಾದ ಸ್ಥಾನ, ಇವೆಲ್ಲಾ 40 ಮತ್ತು ಅದಕ್ಕೆ ಮೇಲ್ಪಟ್ಟವರಿಗೆ. ಈ ಗೆರೆಯು ಕೆಲವೊಮ್ಮೆ ಬಹು ಕಠಿಣವಾಗಿ ಬೀಳುತ್ತದೆ. ಒಂದು ಕಣ್ಣು ಪೂರ್ತಿಯಾಗಿ ಹೋಗಿ ಇನ್ನೊಂದು ಕಣ್ಣು ಸರಿಯಾಗಿದ್ದರೆ ನಿಯಮದ ಪ್ರಕಾರ ಅದು ನೂರಕ್ಕೆ 30 ಮಾತ್ರ. ಪ್ರಮಾಣಪತ್ರ ಸಿಕ್ಕುವದು, ಶಿಷ್ಯವೇತನ ಸಿಕ್ಕದು. ಒಂದೇ ಕಣ್ಣಿನ ಹುಡುಗಿಯ ಮದುವೆಯ ಮಾತು ಬಂದಾಗ ನಮ್ಮ ಜನರು 30ರ ಲೆಕ್ಕವನ್ನು ಹಾಕುವದಿಲ್ಲವೆಂಬದು ಈ ನಿಯಮವನ್ನು ಮಾಡಿದವರಿಗೆ ತಿಳಿಯದೆ ಇರಲಾರದು. ಆದರೆ ವೈದ್ಯರು ಕಣ್ಣನ್ನು ಅಳೆಯಬಲ್ಲರೇ ಹೊರತು ಸಮಾಜವನ್ನು ಅಳೆಯಲಾರರು. ವೈದ್ಯರ ತೀರ್ಮಾನವು ತಪ್ಪೆಂದು ತೋರಿದರೆ ಮೇಲ್ಮನವಿಯನ್ನು ಸಲ್ಲಿಸಬಹುದು. ಪ್ರಮಾಣಪತ್ರವನ್ನು ಕೊಡಲಾಗದೆಂದರೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸತಕ್ಕದ್ದೆಂದು ಕಾನೂನಿದೆ. ಬಾಯಿಮಾತಿನಲ್ಲಿ "ಆಗದು, ಹೋಗಿ" ಎಂದರೆ ಅದು ಉತ್ತರವಲ್ಲ. ಇನ್ನೊಂದು ಎಚ್ಚರಿಕೆ: ಬದಲಾಗಬಹುದಾದ ನ್ಯೂನತೆಯುಳ್ಳ ಮಕ್ಕಳಿಗೆ ಕೆಲವು ವರ್ಷಗಳ ಅವಧಿಯ ಪ್ರಮಾಣಪತ್ರವನ್ನು ಕೊಡುವದುಂಟು. ಅದರ ಮೇಲಿನ ತಾರೀಖು ಮುಗಿದುಹೋಗಿ, ಅರ್ಜಿ ಹಾಕುವ ದಿನ ಅದು ಸಲ್ಲದೆ ಹೋದದ್ದನ್ನು ನಾವು ಕಂಡಿದ್ದೇವೆ.

ಪ್ರಮಾಣಪತ್ರವು ಕೈಗೆ ಬಂದ ಮೇಲೆ ಹೈಸ್ಕೂಲಿನ ಬಾಲಿಕೆಗೆ ಏನು ಸಿಕ್ಕುವದು? 9 ಮತ್ತು 10ನೆಯ ತರಗತಿಗಳವರಿಗೆ ಭಾರತ ಸರ್ಕಾರದ ಮೆಟ್ರಿಕ್‌ಪೂರ್ವ ಶಿಷ್ಯವೇತನವುಂಟು. ಮನೆಯಿಂದ ಬರುವವಳಿಗೆ ತಿಂಗಳಿಗೆ 500 ರೂಪಾಯಿ, ವಸತಿಗೃಹದಲ್ಲಿರುವವಳಿಗೆ 800 ರೂಪಾಯಿ; ಪುಸ್ತಕಗಳಿಗೆ ವರ್ಷಕ್ಕೆ 1,000; ಅದರ ಮೇಲೆ ಅಂಗವಿಕಲ ಭತ್ಯೆಯೆಂದು ವರ್ಷಕ್ಕೆ 2,000, ದೃಷ್ಟಿ ಅಥವಾ ಬುದ್ಧಿಯ ನ್ಯೂನತೆಯಾದರೆ 4,000. ತಾಯಿತಂದೆಗಳ ವರ್ಷದ ಆದಾಯವು ಎರಡೂವರೆ ಲಕ್ಷವನ್ನು ಮೀರಿರಬಾರದು. ಇದಲ್ಲದೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅಂಗವಿಕಲ ಬಾಲಿಕೆಯರಿಗೆಂದೇ, ಒಂದನೆಯ ತರಗತಿಯಿಂದ 12ರ ವರೆಗೆ, ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ವೇತನವಿದೆ. ಹುಡುಗರಿಗೆ ಇಲ್ಲದೆ ಹುಡುಗಿಯರಿಗೆ ಮಾತ್ರ ಇದನ್ನು ಇಟ್ಟಿರುವ ಕಾರಣವನ್ನು ನಾವು ವಿವರಿಸಬೇಕಾದದ್ದಿಲ್ಲ. ಮನೆಯಲ್ಲಿ ಅಂಗವಿಕಲನಾದ ಮಗನಿದ್ದರೆ ಅವನ ಕಾಗದಗಳನ್ನು ಹಿಡಿದುಕೊಂಡು ತಂದೆಯು ಕಚೇರಿಯಿಂದ ಕಚೇರಿಗೆ ಅಲೆಯುವನು. ಮಗಳಾದರೆ ಆ ತಾಯಿ ಹೇಳಿದ ಹಾಗೆ, ಬೇಡ ಅಮ್ಮನವರೇ.

ಹದಿನೆಂಟು ತುಂಬಿದವರ ಮಾತು ಬೇರೆ. ನ್ಯೂನತೆಯು ನೂರಕ್ಕೆ 80 ಅಥವಾ ಅದಕ್ಕೆ ಮೇಲ್ಪಟ್ಟಿದ್ದು ಬಡತನದ ರೇಖೆಯ ಕೆಳಗಿರುವವರಿಗಾಗಿ ಭಾರತ ಸರ್ಕಾರವು 2009ರಲ್ಲಿ ಒಂದು ಮಾಸಾಶನವನ್ನು ಆರಂಭಿಸಿತು. ಮೊದಲು 200 ರೂಪಾಯಿ ಇದ್ದದ್ದು 2012ರಲ್ಲಿ 300 ಆಗಿ, ಬಹು ವರ್ಷಗಳ ವರೆಗೆ ಅಲ್ಲಿಯೇ ನಿಂತುಬಿಟ್ಟಿತು. ಆದರೆ ಅಂಗವಿಕಲರ ಪೋಷಣೆಯು ರಾಜ್ಯಾಂಗದಲ್ಲಿ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯವಾದದ್ದರಿಂದ ಆಯಾ ರಾಜ್ಯದವರು ತಮ್ಮದೇ ಮಾಸಾಶನವನ್ನು ಕೊಡುವರು. ಒಂದೇ ತರದ ನ್ಯೂನತೆಗೆ ಒಂದು ರಾಜ್ಯದಲ್ಲಿ ಒಂದು ಮೊತ್ತ, ಗಡಿ ದಾಟಿದರೆ ಇನ್ನೊಂದು ಮೊತ್ತವಾಗಿರುವದು ಈ ಕಾರಣದಿಂದಲೇ. ಕರ್ನಾಟಕದಲ್ಲಿ ನ್ಯೂನತೆಯು 40ರಿಂದ 75ರೊಳಗೆ ಇದ್ದವರ ಮಾಸಾಶನವನ್ನು 2021ರಲ್ಲಿ 600ರಿಂದ 800 ರೂಪಾಯಿಗೆ ಏರಿಸಲಾಯಿತು. ಅದಕ್ಕಿಂತ ತೀವ್ರವಾದ ನ್ಯೂನತೆಯುಳ್ಳವರಿಗೆ ಇನ್ನೂ ಹೆಚ್ಚು. ಇದಕ್ಕೆ ಅರ್ಜಿ ಹಾಕುವ ಸ್ಥಳ ನಾಡಕಚೇರಿ.

ಹೀಗೆ ಹಣವನ್ನು ಹಂಚಿದರೆ ಜನರು ಸೋಮಾರಿಗಳಾಗುವರೆಂದು ಹೇಳುವ ಮಹನೀಯರು ನಮ್ಮ ಸಭೆಯಲ್ಲಿಯೂ ಇರುವರು. 800 ರೂಪಾಯಿಯನ್ನು 30ರಿಂದ ಭಾಗಿಸಿದರೆ ದಿನಕ್ಕೆ 27 ರೂಪಾಯಿಯೂ ಬರುವದಿಲ್ಲ. ಈ ಹಣದಲ್ಲಿ ಸೋಮಾರಿಯಾಗಿ ಬದುಕುವ ವಿದ್ಯೆಯನ್ನು ಯಾರಾದರೂ ಬಲ್ಲವರಿದ್ದರೆ ನಮ್ಮ ಗೃಹವಿಜ್ಞಾನದ ತರಗತಿಗೆ ಬಂದು ಕಲಿಸಬಹುದು. ನಮ್ಮ ಆಕ್ಷೇಪವು ಇದಕ್ಕೆ ನೇರವಾಗಿ ವಿರುದ್ಧವಾದದ್ದು. ಅಂಗವಿಕಲರಿಗೆ ಜೀವಿಸುವ ಖರ್ಚು ಇತರರಿಗಿಂತ ಹೆಚ್ಚು: ನಡೆಯಲಾರದವಳು ಆಟೋ ಹಿಡಿಯಬೇಕು, ಕಾಣಲಾರದವಳ ಸಂಗಡ ಒಬ್ಬರು ಹೋಗಬೇಕು, ಹೋದವರ ಆ ದಿನದ ಕೂಲಿ ಹೋಗುವದು. ಇದನ್ನು ಬಲ್ಲದ್ದರಿಂದಲೇ 2016ರ ಅಧಿನಿಯಮದ 24ನೆಯ ಪ್ರಕರಣದಲ್ಲಿ, ಇತರರಿಗೆ ಇರುವ ಅಂಥದೇ ಯೋಜನೆಗಳಿಗಿಂತ ಅಂಗವಿಕಲರಿಗೆ ಕೊಡತಕ್ಕದ್ದು ನೂರಕ್ಕೆ 25ರಷ್ಟಾದರೂ ಹೆಚ್ಚಾಗಿರಬೇಕೆಂದು ಬರೆಯಲ್ಪಟ್ಟಿದೆ. 2021ರಲ್ಲಿ ನಮ್ಮ ರಾಜ್ಯದಲ್ಲಿ ವಿಧವಾ ಮಾಸಾಶನವೂ 800 ರೂಪಾಯಿಯೇ ಆಯಿತು. ಇವೆರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಆ 25 ಎಲ್ಲಿ ಹೋಯಿತೆಂದು ಕೇಳುವ ಹಕ್ಕು ನಮ್ಮೆಲ್ಲರಿಗೂ ಇದೆ. ಕೇಳುವವರು ಕಡಿಮೆ; ಯಾಕಂದರೆ ಇರುವ 800ನ್ನೇ ಪಡೆದವರು ಕಡಿಮೆ. ಅರ್ಜಿ ಹಾಕದವರ ಲೆಕ್ಕವನ್ನು ಯಾವ ಸರ್ಕಾರವೂ ಇಡುವದಿಲ್ಲ. ಹಾಕದೆ ಮನೆಯಲ್ಲಿ ಕುಳಿತವರು ಇಲ್ಲವೆಂದೇ ಅರ್ಥವಾಗುವದು.

ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಪದೇ ಪದೇ ಕಾಣುವ ಒಂದು ಚಿಕ್ಕ ಸಂಗತಿಯನ್ನು ಇಲ್ಲಿ ಹೇಳಿಬಿಡುವದು ಒಳ್ಳೆಯದು. ಚಿಕ್ಕದಾದರೂ ಎಷ್ಟೋ ಅರ್ಜಿಗಳು ಇದಕ್ಕೆ ಎಡವಿ ಬಿದ್ದಿರುವವು. ದೀಕ್ಷಾಸ್ನಾನದ ಪಟ್ಟಿಯಲ್ಲಿ ಹುಡುಗಿಯ ಹೆಸರು ಎಸ್ತೇರ ಎಂದಿರುವದು; ಶಾಲೆಯ ದಾಖಲೆಯಲ್ಲಿ ಎಸ್ತರ್; ಆಧಾರ್ ಚೀಟಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಯಾರೋ ಬರೆದ ಮೂರನೆಯ ರೂಪ; ಬ್ಯಾಂಕಿನ ಪುಸ್ತಕದಲ್ಲಿ ಮನೆಯಲ್ಲಿ ಕರೆಯುವ ಬೇಬಿ ಎಂಬ ಹೆಸರು. ತಂದೆಯ ಹೆಸರಿನ ಮೊದಲ ಅಕ್ಷರವು ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ. ಮನುಷ್ಯರಾದರೆ ಇವರೆಲ್ಲರೂ ಒಬ್ಬಳೇ ಹುಡುಗಿಯೆಂದು ತಿಳಿಯುವರು. ಯಂತ್ರಕ್ಕೆ ಇವರು ನಾಲ್ಕು ಮಂದಿ. ಹಣವು ಆಧಾರಿಗೆ ಜೋಡಿಸಲ್ಪಟ್ಟ ಬ್ಯಾಂಕಿನ ಖಾತೆಗೇ ನೇರವಾಗಿ ಬರುವದರಿಂದ ಹೆಸರು ಕೂಡದಿದ್ದರೆ ಹಣವೂ ಕೂಡಿಬರುವದಿಲ್ಲ. ಮಕ್ಕಳನ್ನು ಒಂದನೆಯ ತರಗತಿಗೆ ಸೇರಿಸುವ ದಿನ ಎಲ್ಲಾ ಕಡೆಯೂ ಒಂದೇ ಹೆಸರನ್ನು ಒಂದೇ ಅಕ್ಷರಗಳಲ್ಲಿ ಬರೆಯಿಸಬೇಕೆಂದು ಸಭಾಪಾಲಕರು ದೀಕ್ಷಾಸ್ನಾನದ ಸಮಯದಲ್ಲಿಯೇ ಹೇಳಿದರೆ ಉಪಕಾರವಾಗುವದು. ಪ್ರಸಂಗದಲ್ಲಿ ಸೇರಿಸಬೇಕೆಂದು ನಾವು ಹೇಳುವದಿಲ್ಲ, ಪ್ರಕಟನೆಗಳಲ್ಲಿ ಸೇರಿಸಬಹುದು.

ಆಸ್ಪತ್ರೆಗೆ ಹೋಗಿಬರುವ ಖರ್ಚಿನ ಮಾತೂ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣವು ಉಚಿತವಾಗಿದೆ. ನಮ್ಮ ಕರಾವಳಿಯ ಕಡೆ ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡುವವಾದ್ದರಿಂದ ಈ ಅನುಕೂಲವು ಹಳ್ಳಿಗಳಿಗೆ ಪೂರ್ತಿಯಾಗಿ ದೊರೆತಿಲ್ಲ. ಒಂದೇ ಸಲಕ್ಕೆ ಕೆಲಸವು ಮುಗಿಯದೆ ಮೂರು ಸಲ ಹೋಗಬೇಕಾದ ತಾಯಂದಿರಿಗೆ ಬಡಮಕ್ಕಳ ನಿಧಿಯಿಂದ ಬಸ್ಸಿನ ಖರ್ಚನ್ನು ಕೊಡುವದು, ಅದೇ ನಿಧಿಯಿಂದ ವರ್ಷವರ್ಷವೂ ಪುಸ್ತಕಗಳನ್ನು ಕೊಡುವದಕ್ಕಿಂತ ಹೆಚ್ಚು ಪ್ರಯೋಜನಕರವೆಂದು ನಮ್ಮ ಅಭಿಪ್ರಾಯ. ನಿಧಿಯ ಸಮಿತಿಯವರು ಮೊದಲು ಒಪ್ಪಲಿಲ್ಲ. ಪುಸ್ತಕ ಕೊಟ್ಟರೆ ಚಿತ್ರ ತೆಗೆದು ವರದಿಯಲ್ಲಿ ಹಾಕಬಹುದು, ಬಸ್ಸಿನ ಚೀಟಿಯ ಚಿತ್ರವನ್ನು ಯಾರು ಹಾಕುವರು? ಕೊನೆಗೆ ಒಪ್ಪಿದರು, ಅವರಿಗೆ ನಾವು ಕೃತಜ್ಞರು.

ಶಾಲೆಗೇ ಬಾರದವರ ಸಂಗತಿಯನ್ನು ಮರೆಯಬಾರದು. ನಮ್ಮ ಬಾಲಿಕೆಯರನ್ನು ಮನೆಗೆ ಹೋಗಿ ನೋಡುವಾಗ ಒಳಕೋಣೆಯಲ್ಲಿ ಅಕ್ಕನೋ ತಂಗಿಯೋ ಇರುವದು ಕೆಲವೊಮ್ಮೆ ಆಕಸ್ಮಿಕವಾಗಿ ತಿಳಿದುಬರುತ್ತದೆ. ಬುದ್ಧಿಯ ಬೆಳವಣಿಗೆಯು ಕುಂದಿದವರು, ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲುಗಳು ಸೆಟೆದುಕೊಂಡವರು, ಆಟಿಸಂ ಉಳ್ಳವರು, ಒಂದಕ್ಕಿಂತ ಹೆಚ್ಚು ನ್ಯೂನತೆಗಳುಳ್ಳವರು, ಇವರಿಗಾಗಿ 1999ರಲ್ಲಿ ರಾಷ್ಟ್ರೀಯ ನ್ಯಾಸವೆಂಬದನ್ನು ಕಾನೂನಿನಿಂದ ಸ್ಥಾಪಿಸಲಾಯಿತು. ಅದರ ನಿರಾಮಯ ಎಂಬ ವಿಮೆಯಲ್ಲಿ ಚಿಕಿತ್ಸೆಗಾಗಿ ಒಂದು ಲಕ್ಷ ರೂಪಾಯಿಯ ವರೆಗೆ ಸಿಕ್ಕುವದು. ಇಂಥ ಮಗಳಿಗೆ 18 ತುಂಬಿದ ಮೇಲೆ ಅವಳ ಪರವಾಗಿ ಕಾಗದಪತ್ರಗಳನ್ನು ನಡಿಸಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಯಿಂದ ಪೋಷಕರ ನೇಮಕವನ್ನು ಮಾಡಿಸಿಕೊಳ್ಳಬಹುದು. ತಾವು ಹೋದ ಮೇಲೆ ಇವಳ ಗತಿಯೇನೆಂದು ನಮ್ಮ ಕೈ ಹಿಡಿದು ಅತ್ತ ತಾಯಂದಿರಲ್ಲಿ ಒಬ್ಬರಿಗಾದರೂ ಈ ಸಮಿತಿಯ ಹೆಸರೇ ಗೊತ್ತಿರಲಿಲ್ಲ.

ಮದುವೆಯ ಭಯಕ್ಕೆ ಮತ್ತೊಮ್ಮೆ ಬರುವೆವು. ಎಲ್ಲಾ ತೊಡಕುಗಳಿಗಿಂತ ಅದೇ ದೊಡ್ಡದು. ಆ ತಾಯಿಯನ್ನು ನಾವು ಮೂಢಳೆಂದು ತಿಳಿಯುವದಿಲ್ಲ. ಕಾಗದವು ಇರಲಿ ಬಿಡಲಿ, ಸೊರಗಿದ ಕಾಲು ಕಾಣುವದೇ ಎಂದು ವಾದಿಸುವದು ಸುಲಭ. ಆದರೆ ಆಕೆಗೆ ಬೇಕಾಗಿದ್ದದ್ದು ವಾದವಲ್ಲ. ಹೆಸರಿಟ್ಟು ಕರೆಯುವ ನಮ್ಮ ಜನರ ನಾಲಿಗೆಯಿಂದ ಮಗಳನ್ನು ಕಾಪಾಡುವದು. ಕುಂಟಿ, ಕುರುಡಿ, ಮೂಗಿ ಎಂದು ನಾವು ಬಾಲ್ಯದಲ್ಲಿ ಯಾವ ಸಂಕೋಚವೂ ಇಲ್ಲದೆ ಕರೆದಿದ್ದೇವೆ. ಈಗ ಸರ್ಕಾರದವರು ವಿಕಲಚೇತನರೆಂದೂ ದಿವ್ಯಾಂಗರೆಂದೂ ಬರೆಯುವರು. ಹೊಸ ಹೆಸರುಗಳಿಂದ ಏನಾಗುವದೋ ನಾವು ಅರಿಯೆವು. ಆ ತಾಯಿಗೆ ಅವು ತಲುಪಿರಲಿಲ್ಲ. ಅಂಥವಳಿಗೆ ಹೇಳಬೇಕಾದ ಮಾತು ಇದು: ಪ್ರಮಾಣಪತ್ರವು ಮಗಳ ಕಾಲಿನ ಮೇಲೆ ಬರೆದ ತೀರ್ಪಲ್ಲ, ಪೆಟ್ಟಿಗೆಯಲ್ಲಿ ಮಡಿಚಿಟ್ಟುಕೊಳ್ಳುವ ಬೀಗದಕೈ. ಬೇಕಾದಾಗ ತೆಗೆಯಬಹುದು, ಬೇಡವಾದರೆ ಯಾರಿಗೂ ತೋರಿಸದೆ ಇರಬಹುದು. ಮುಂದೆ ಕಾಲೇಜುಗಳಲ್ಲಿ ನೂರಕ್ಕೆ 5 ಸ್ಥಾನಗಳೂ ಸರ್ಕಾರಿ ಉದ್ಯೋಗಗಳಲ್ಲಿ ನೂರಕ್ಕೆ 4 ಸ್ಥಾನಗಳೂ ಇದರಿಂದಲೇ ತೆರೆಯತಕ್ಕವು. ಸ್ವಂತ ಸಂಬಳವುಳ್ಳ ಹುಡುಗಿಯ ಮದುವೆಯ ಮಾತು ಹೇಗೆ ನಡೆಯುವದೆಂಬದನ್ನು ತಾಯಂದಿರು ನಮಗಿಂತ ಚೆನ್ನಾಗಿ ಬಲ್ಲರು.

ನಮ್ಮ ಶಾಲೆಯಲ್ಲಿ ಆ ನಷ್ಟವಾದಂದಿನಿಂದ ಒಂದು ಪುಸ್ತಕವನ್ನು ಇಟ್ಟಿದ್ದೇವೆ. ಕೆಂಪು ಬಟ್ಟೆಯ ರಟ್ಟಿನ, ಸಾಧಾರಣವಾದ ಹಾಜರಿ ಪುಸ್ತಕವೇ ಅದು. ಪ್ರವೇಶದ ದಿನ ಪ್ರತಿಯೊಬ್ಬ ತಾಯಿಯನ್ನೂ ಪ್ರತ್ಯೇಕವಾಗಿ, ಇತರರಿಗೆ ಕೇಳದ ಹಾಗೆ, ಮಗುವಿನ ಕಣ್ಣು, ಕಿವಿ, ನಡೆ, ಓದುಗಳ ವಿಷಯವಾಗಿ ವಿಚಾರಿಸಿ ಬರೆದುಕೊಳ್ಳುತ್ತೇವೆ. ಪ್ರಮಾಣಪತ್ರವಿದೆಯೇ, ಅದರ ಅವಧಿ ಯಾವಾಗ ಮುಗಿಯುವದು, ಅರ್ಜಿ ಹೋಯಿತೇ, ನಾವು ದೃಢಪಡಿಸಿದೆವೇ, ಹಣ ಬಂದಿತೇ ಎಂಬ ಅಂಕಣಗಳು ಅದರಲ್ಲಿರುವವು. ಪ್ರತಿ ಶುಕ್ರವಾರ ಸಂಜೆ ನಾವೇ ಅದನ್ನು ತೆರೆದು ನೋಡಿ ಸಹಿ ಹಾಕುತ್ತೇವೆ. ಕಡೆಯ ಅಂಕಣವು ಇನ್ನೂ ಅನೇಕ ಸಾಲುಗಳಲ್ಲಿ ಬರಿದಾಗಿದೆ. ಎಲ್ಲಾ ವಿಳಂಬವೂ ನಮ್ಮದಲ್ಲ. ಆದರೆ ಎಲ್ಲಿ ನಿಂತಿದೆಯೆಂಬದು ಈಗ ನಮಗೆ ತಿಳಿಯುತ್ತದೆ, ಬರೆದು ಕೇಳುತ್ತೇವೆ. ಕೇಳಿದ್ದಕ್ಕೆ ಉತ್ತರ ಬಾರದಿದ್ದಲ್ಲಿ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದೆಂಬದನ್ನೂ ಕಲಿತಿದ್ದೇವೆ.

ಆ ಬಾಲಿಕೆಗೆ ಹತ್ತನೆಯ ತರಗತಿಯಲ್ಲಿ ಶಿಷ್ಯವೇತನವು ಬಂದಿತು. ಒಂಬತ್ತನೆಯದರದ್ದು ಬರಲೇ ಇಲ್ಲ. ಈಗ ಅವಳು ಕಾಲೇಜಿನಲ್ಲಿ ಓದುತ್ತಾ ಇದ್ದಾಳೆ. ಕಳೆದ ಜೂನ್‌ನಲ್ಲಿ ಪ್ರವೇಶದ ದಿನ ತಾನಾಗಿಯೇ ಬಂದು, ಕೆಂಪು ಪುಸ್ತಕದ ಮೇಜಿನ ಬಳಿ ಸಂಜೆಯ ವರೆಗೆ ಕುಳಿತು ತಾಯಂದಿರೊಡನೆ ಮಾತಾಡಿದಳು. ಅವಳೊಬ್ಬಳಿಂದ ಆಗುವ ಕೆಲಸವಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಬ್ಯಾಂಕಿನಲ್ಲಿರುವವರು, ಆಸ್ಪತ್ರೆಯಲ್ಲಿ ದಾದಿಯರಾಗಿರುವವರು, ತಾಲ್ಲೂಕು ಕಚೇರಿಯಲ್ಲಿರುವವರು ಬೇಕಾದಷ್ಟು ಮಂದಿ ಇರುವರು. ಶಿಷ್ಯವೇತನದ ಅರ್ಜಿಗಳ ಕಾಲದಲ್ಲಿ ಒಂದು ಶನಿವಾರವನ್ನು ಕೊಡಬಲ್ಲವರು ಶಾಲೆಯ ಕಚೇರಿಯಲ್ಲಿ ಹೆಸರನ್ನು ಬರೆಯಿಸಬೇಕಾಗಿ ಕೋರುತ್ತೇವೆ. ಬರುವಾಗ ಕನ್ನಡಕವನ್ನು ಮರೆಯದೆ ತರತಕ್ಕದ್ದು. ಆ ನಮೂನೆಗಳ ಅಕ್ಷರಗಳು ಬಹಳ ಸಣ್ಣವು.